ಮನೆ, ಬೀದಿ, ಊರು: ಕೆಲವು ಹೊಸ ಗ್ರಂಥಗಳು

ವಾಸ್ತುಶಿಲ್ಪವೆಂದೊಡನೆ ನಮ್ಮಲ್ಲಿ ಬಹು ಜನರಿಗೆ ಬೇಲೂರು ಹಳೇಬೀಡುಗಳು ನೆನಪಿಗೆ ಬರುವುವು. ನಾವು ವಾಸಮಾಡುವ ಮನೆ, ನಡೆದಾಡುವ ಬೀದಿ, ಸಂತೆ ಸೇರುವ ಬಯಲು, ಇವೂ ಆ ಶಾಸ್ತ್ರಕ್ಕೆ ಸೇರಿದುವೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಈ ವಿಷಯವಾಗಿ ಕಳೆದ ಕೆಲವು ದಶಕಗಳಲ್ಲಿ ಇಂಗ್ಲಿಷಿನಲ್ಲಿ ಅನೇಕ ಗ್ರಂಥಗಳು ಹೊರಬಿದ್ದಿವೆ. ಅವು ಬಹುಮಟ್ಟಿಗೆ ಮಹಾನಗರಗಳನ್ನು ಕುರಿತವು. ಅವುಗಳಲ್ಲಿ ನಾಲ್ಕೈದನ್ನು ಆರಿಸಿಕೊಂಡು, ಮಂಡ್ಯ, ಮದ್ದೂರು, ಮಳವಳ್ಳಿಗಳಂತಹ ಊರುಗಳಿಗೆ ಅವುಗಳಿಂದ ಏನು ಪ್ರಯೋಜನವೆಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಈ ಮೂರು ಊರುಗಳನ್ನು ಆರಿಸಿದುದಕ್ಕೆ ಕಾರಣವಿದೆ. ಕೃಷ್ಣರಾಜಸಾಗರದ ನಾಲೆ ಬಂದ ಮೇಲೆ ಮಂಡ್ಯ ಬೆಳೆಯಿತು. 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಊರು ಜಿಲ್ಲೆಯ ಮುಖ್ಯಸ್ಥಳವಾಯಿತು. ಮದ್ದೂರು ಶಿಂಷಾ ನದಿಯ ದಡದಲ್ಲಿ, ಬೆಂಗಳೂರು ಮೈಸೂರುಗಳ ಹೆದ್ದಾರಿಯಲ್ಲಿ ಬೆಳೆದ ಊರು. ಮಳವಳ್ಳಿಯೋ, 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದ ಶಿವನಸಮುದ್ರವನ್ನು ತನ್ನ ತಾಲ್ಲೂಕಿನಲ್ಲಿ ಇರಿಸಿಕೊಂಡಿರುವುದು. ನೀರು, ಕಾರ್ಖಾನೆ, ಹೆದ್ದಾರಿ, ವಿದ್ಯುತ್ತು ಇವುಗಳಿಂದ ಈ ಊರುಗಳು ಬದಲಾದುವು. ಈಗ ಮತ್ತೊಂದು ಬದಲಾವಣೆ ಬಂದಿದೆ. 2023ರ ಮಾರ್ಚ್ 12ರಂದು 118 ಕಿಲೋಮೀಟರುಗಳ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ವಾಹನಗಳು ಮಂಡ್ಯ ಮದ್ದೂರುಗಳ ಹಳೆಯ ಬೀದಿಯನ್ನು ಹೊಗದೆಯೇ ಹೋಗಬಹುದಾಯಿತು. ಪ್ರಯಾಣಿಕರನ್ನೇ ನಂಬಿದ್ದ ಅಂಗಡಿ ಹೋಟೆಲುಗಳಿಗೆ ಇದು ಕಷ್ಟವೇ. ಆದರೆ ಹೆದ್ದಾರಿ ಬಿಟ್ಟುಕೊಟ್ಟ ಬೀದಿಯನ್ನು ಊರಿನವರು ಏನು ಮಾಡಿಕೊಳ್ಳಬೇಕೆಂಬ ಪ್ರಶ್ನೆಯೂ ಇದರೊಡನೆಯೇ ಹುಟ್ಟಿದೆ. ಇಂತಹ ಪ್ರಶ್ನೆಗೆ ಗ್ರಂಥಗಳು ಏನನ್ನು ಹೇಳುತ್ತವೆ?

ಮೊದಲನೆಯದು ಚಾರ್ಲ್ಸ್ ಕೊರಿಯಾ ಅವರ ‘ಎ ಪ್ಲೇಸ್ ಇನ್ ದಿ ಷೇಡ್’, ಎಂದರೆ ನೆರಳಿನಲ್ಲೊಂದು ತಾಣ. 2010ರಲ್ಲಿ ಪ್ರಕಟವಾದ ಪ್ರಬಂಧ ಸಂಗ್ರಹವಿದು. ನಮ್ಮಂತಹ ದೇಶದಲ್ಲಿ ಜನರು ನಾಲ್ಕು ಗೋಡೆಗಳ ಒಳಗೆ ಮಾತ್ರ ಬಾಳುವುದಿಲ್ಲವೆಂಬುದು ಕೊರಿಯಾ ಅವರ ಮುಖ್ಯ ಅಭಿಪ್ರಾಯ. ಮನೆಯ ಒಳಭಾಗ, ಹೊಸ್ತಿಲ ಹೊರಗಿನ ತಾಣ, ನೆರೆಹೊರೆಯವರು ಸೇರುವ ನೀರಿನ ಕಟ್ಟೆ, ಊರಿಗೆಲ್ಲ ಸೇರಿದ ಮೈದಾನ, ಹೀಗೆ ನಾಲ್ಕು ಬಗೆಯ ತಾಣಗಳು ಸೇರಿದರೆ ವಸತಿಯಾಗುವುದು. ಇವನ್ನು ಓದುವಾಗ ನಮ್ಮ ಸೀಮೆಯ ನಡುಮನೆ, ಜಗಲಿ, ಅರಳಿಕಟ್ಟೆ, ಸಂತೆಮಾಳಗಳು ಕಣ್ಣಿಗೆ ಕಟ್ಟುವುವು. ನಮ್ಮ ಹಿರಿಯರ ತೊಟ್ಟಿಯ ಮನೆ ಆಕಾಶಕ್ಕೆ ತೆರೆದ ಇಂತಹ ತಾಣವನ್ನು ಮನೆಯ ಮಧ್ಯದಲ್ಲಿಯೇ ಇರಿಸಿಕೊಂಡಿತ್ತು.

ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದಲ್ಲಿ ತೊಟ್ಟಿಗೆ ಸ್ಥಳವೆಲ್ಲಿ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಇದಕ್ಕೆ ಕೊರಿಯಾ ಅವರು 1980ರ ದಶಕದಲ್ಲಿ ನವಮುಂಬಯಿಯ ಬೇಲಾಪುರದಲ್ಲಿ ಕಟ್ಟಿದ ಬಡಾವಣೆಯೇ ಉತ್ತರ. ಅಲ್ಲಿ ಏಳು ಏಳು ಮನೆಗಳು ಒಂದೊಂದು ಚಿಕ್ಕ ಅಂಗಳವನ್ನು ಸುತ್ತಿಕೊಂಡಿವೆ. ಒಂದು ಮನೆಗೆ ದೊರೆಯದ ಬಯಲು ಏಳು ಮನೆಗಳಿಗೆ ಒಟ್ಟಾಗಿ ದೊರೆಯುವುದು. ನಮ್ಮ ನಿವೇಶನಗಳನ್ನು ಹಂಚುವವರು ಇದನ್ನು ಒಮ್ಮೆಯಾದರೂ ಪರಿಶೀಲಿಸಬೇಕು.

ಎರಡನೆಯದು ಉಷ್ಣವಲಯದ ವಸತಿ ಮತ್ತು ಕಟ್ಟಡಗಳನ್ನು ಕುರಿತ ಕೈಪಿಡಿ. 1970ರ ದಶಕದ್ದಾದರೂ ಇದು ಇಂದಿಗೂ ಹಳೆಯದಾಗಿಲ್ಲ. ಇದರ ಕರ್ತೃಗಳಲ್ಲಿ ಮೊದಲಿಗರಾದ ಆಟೊ ಕೋನಿಗ್ಸ್‌ಬರ್ಗರ್ ಮೈಸೂರಿಗೆ ಅಪರಿಚಿತರಲ್ಲ. ಬರ್ಲಿನ್ನಿನಲ್ಲಿ ಹುಟ್ಟಿದ ಈತ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದು 1948ರವರೆಗೆ ಸೇವೆ ಸಲ್ಲಿಸಿದರು. ಗೋಡೆ ಎಬ್ಬಿಸುವ ಮೊದಲು ಆ ಊರಿನ ತಿಂಗಳು ತಿಂಗಳ ಬಿಸಿಲು, ಗಾಳಿ, ತೇವ, ಮಳೆಗಳ ಲೆಕ್ಕವನ್ನು ಬರೆದುಕೊಳ್ಳಬೇಕೆಂಬುದೇ ಗ್ರಂಥದ ಬೋಧೆ. ಮಂಡ್ಯದ ಸೀಮೆಯಲ್ಲಿ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಲ್ಲುವನು. ಬಿಸಿಲೆಲ್ಲ ತಾರಸಿಯ ಮೇಲೆ, ಬೆಳಗು ಸಂಜೆಗಳಲ್ಲಿ ಪೂರ್ವ ಪಶ್ಚಿಮದ ಗೋಡೆಗಳ ಮೇಲೆ. ಕಾಂಕ್ರೀಟಿನ ತಾರಸಿ ಹಗಲು ಹೀರಿದ ಕಾವನ್ನು ರಾತ್ರಿ ಮಲಗಿದವರ ಮೇಲೆ ಬಿಡುವುದು. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿಯನ್ನಿಟ್ಟು, ಆಮೇಲೆ ಯಂತ್ರದಿಂದ ತಂಪನ್ನು ಕೊಳ್ಳುವುದು ಎರಡು ಸಲ ಹಣ ತೆತ್ತಂತೆ. ಗ್ರಂಥದಲ್ಲಿ ಲೆಕ್ಕಗಳೂ ಕೋಷ್ಟಕಗಳೂ ಹೇರಳ. ಸಾಮಾನ್ಯ ವಾಚಕರಿಗೆ ಕಠಿನ. ಆದರೆ ಎಂಜಿನಿಯರುಗಳು ಓದದಿರಲು ಇದು ಕಾರಣವಾಗಲಾರದು.

ಮೂರನೆಯದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ವಿದ್ವಾಂಸರಾದ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ, ಕೆ. ಎಸ್. ನಂಜುಂಡ ರಾವ್ ಇವರು ಬದಲಿ ಕಟ್ಟಡ ಸಾಮಗ್ರಿಗಳನ್ನು ಕುರಿತು ಬರೆದ ಗ್ರಂಥ. ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಗೆ ಸುಡುವ ಸೌದೆಯೇ ಬೇಡವೆಂಬುದನ್ನು ಇವರು ಪ್ರಯೋಗಗಳಿಂದ ವಿವರಿಸಿದ್ದಾರೆ. ಗದ್ದೆಯ ಮೇಲ್ಮಣ್ಣು ಗೂಡಿಗೆ ಹೋದರೆ ಬೆಳೆಗೆ ನಷ್ಟವೆಂಬುದನ್ನು ಬಲ್ಲ ರೈತರಿಗೆ ಇದರ ಬೆಲೆ ತಿಳಿಯುವುದು. ಆದರೆ ಎಲ್ಲ ಮಣ್ಣೂ ಇದಕ್ಕೆ ಒದಗದು. ಪರೀಕ್ಷೆ ಬೇಕು, ಕೆಲಸ ಬಲ್ಲ ಗಾರೆಯವರೂ ಬೇಕು.

ನಾಲ್ಕನೆಯದು 2019ರಲ್ಲಿ ಪ್ರಕಟವಾದ ಡೇವಿಡ್ ಸಿಮ್ ಅವರ ‘ಸಾಫ್ಟ್ ಸಿಟಿ’. ಬಹಳ ಎತ್ತರಕ್ಕೆ ಹೋಗದೆಯೇ ಮನೆಗಳನ್ನು ಒತ್ತಾಗಿ ಕಟ್ಟಬಹುದು. ನೆಲದ ಮಟ್ಟದಲ್ಲಿ ಅಂಗಡಿ, ಮೇಲೆ ಮನೆ, ಹಿಂದೆ ಅಂಗಳ ಇದ್ದರೆ ಬೀದಿ ಜೀವಂತವಾಗಿರುವುದೆಂದು ಇವರ ವಾದ. ಉದಾಹರಣೆಗಳು ಬಹುಮಟ್ಟಿಗೆ ಚಳಿಯ ದೇಶಗಳವು. ಅಲ್ಲಿ ಜನರು ಬಿಸಿಲನ್ನು ಅರಸುವರು, ನಾವು ನೆರಳನ್ನು. ಇಷ್ಟನ್ನು ತಿದ್ದಿಕೊಂಡರೆ ಮಂಡ್ಯ ಮದ್ದೂರುಗಳ ಹಳೆಯ ಬೀದಿಗೆ ಇದರಷ್ಟು ಹತ್ತಿರದ ಗ್ರಂಥ ನಮಗೆ ಕಾಣದು. ಸಾಲುಮರ, ಕಾಲುದಾರಿ, ಮುದುಕರೂ ಮಕ್ಕಳೂ ಹೆದರದೆ ದಾಟಬಲ್ಲ ರಸ್ತೆ, ಕೂಡಲು ಕಟ್ಟೆ ಇವು ಬಂದರೆ, ದೂರದ ಪ್ರಯಾಣಿಕರು ಬಾರದಿದ್ದರೂ ಸುತ್ತಿನ ಹಳ್ಳಿಗಳವರು ಬಂದು ನಿಲ್ಲುವರು. ಹಾಗೆ ಮಾಡದೆ ಬಿಟ್ಟರೆ ಆ ಬೀದಿ ವಾಹನಗಳನ್ನು ನಿಲ್ಲಿಸುವ ಬಯಲಾಗುವುದು. ಕನಕಪುರದಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿರುವ ಮಳವಳ್ಳಿ ತನ್ನ ಸರದಿ ಬರುವ ಮೊದಲೇ ಇದನ್ನು ಆಲೋಚಿಸುವುದು ಲೇಸು.

ಕೊನೆಯದಾಗಿ, ವಾಸ್ತುಶಿಲ್ಪಕ್ಕೆ ಸೇರದ ಒಂದು ಗ್ರಂಥ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಇದ್ದು ನೋಡಿ, 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನಾಲೆಯ ನೀರು ಪಡೆದ ಹಳ್ಳಿ ಬೇಸಾಯದಲ್ಲಿಯೇ ನಿಂತಿತು. ನೀರು ಪಡೆಯದ ಹಳ್ಳಿಯವರು ಪೇಟೆಯ ಕಡೆಗೆ ತಿರುಗಿ ಬೇರೆ ಬೇರೆ ಕಸುಬುಗಳನ್ನು ಹಿಡಿದರು. ಹೊರಗಿನಿಂದ ಊಹಿಸಿದವರಿಗೆ ಇದು ತಿಳಿಯುತ್ತಿರಲಿಲ್ಲ. ಇದ್ದು, ಎಣಿಸಿ, ವಿಚಾರಿಸಿದುದರಿಂದ ತಿಳಿಯಿತು.

ಊರನ್ನು ಕಟ್ಟುವವರು ಕಲಿಯಬೇಕಾದುದೂ ಇದನ್ನೇ. ಮೇಲೆ ಹೇಳಿದ ಗ್ರಂಥಗಳು ಒಂದೊಂದು ದಾರಿಯಿಂದ ಬಂದು ಒಂದೇ ಮಾತನ್ನು ಹೇಳುತ್ತವೆ: ಮೊದಲು ಇರುವುದನ್ನು ನೋಡಿ ಅಳೆಯಿರಿ, ಆಮೇಲೆ ಕಟ್ಟಿರಿ. ನಮ್ಮ ಊರುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಬೆಂಗಳೂರಿನ ಬಡಾವಣೆಯ ನಕ್ಷೆ ಮೊದಲು ಬರುವುದು. ಊರು ಅದಕ್ಕೆ ಹೊಂದಿಕೊಳ್ಳಬೇಕಾಗುವುದು. ಈ ಗ್ರಂಥಗಳು ನಮ್ಮ ಜಿಲ್ಲೆಯ ಪುಸ್ತಕಭಂಡಾರಗಳಿಗೆ ಬರಲಿ. ಪುರಸಭೆಯ ಸದಸ್ಯರೂ ಗುತ್ತಿಗೆದಾರರೂ ಮನೆ ಕಟ್ಟುವ ಗೃಹಸ್ಥರೂ ಅವನ್ನು ನೋಡಲಿ. ಆದರೆ ನಮಗೆ ಮುಖ್ಯವಾಗಿ ಬೇಕಾದುದು ಕನ್ನಡದಲ್ಲಿ, ನಮ್ಮ ಸಣ್ಣ ಊರುಗಳನ್ನೇ ಕುರಿತ ಒಂದು ಗ್ರಂಥ. ಅದಕ್ಕೆ ಬೇಕಾದ ಸಾಮಗ್ರಿ ದೂರದಲ್ಲಿಲ್ಲ. ಮಂಡ್ಯದಲ್ಲಿಯೇ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಬೇಸಗೆ ಮದ್ದೂರಿನ ಪೇಟೆಬೀದಿಯನ್ನೂ ಮಳವಳ್ಳಿಯ ಹತ್ತು ತೊಟ್ಟಿಯ ಮನೆಗಳನ್ನೂ ಅಳೆದು, ಒಳಗಿನ ಕಾವನ್ನು ಗುರುತುಹಾಕಿದರೆ, ಆ ಗ್ರಂಥದ ಮೊದಲ ಅಧ್ಯಾಯ ಸಿದ್ಧವಾದಂತೆಯೇ ಸರಿ.