ಕಸಕ್ಕೆ ಎಲ್ಲೆಯುಂಟೆ?



ಹಳಗನ್ನಡದಲ್ಲಿ ‘ಕಸವರ’ವೆಂದರೆ ಚಿನ್ನ. ನಮ್ಮ ಒಕ್ಕಲಿನ ಮನೆಗಳಲ್ಲಿ ಬರಿಯ ಕಸವೂ ಚಿನ್ನಕ್ಕೆ ಸಮೀಪದ ವಸ್ತುವೇ ಆಗಿತ್ತು. ಅಂಗಳ ಗುಡಿಸಿದ ತರಗು, ಕೊಟ್ಟಿಗೆಯ ಸಗಣಿ, ಒಲೆಯ ಬೂದಿ ಎಲ್ಲವೂ ತಿಪ್ಪೆ ಸೇರಿ, ಮುಂಗಾರಿಗೆ ಮೊದಲು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದವು. ಪಟ್ಟಣಗಳು ಬೆಳೆದಂತೆ ಈ ಸುತ್ತು ಕಡಿದುಹೋಯಿತು. ಕಸವನ್ನು ‘ಊರಾಚೆ’ ಹಾಕುವ ಪದ್ಧತಿ ಬಂದಿತು. ಆದರೆ ನಮ್ಮ ಊರಾಚೆ ಎಂಬುದು ಮತ್ತೊಬ್ಬರ ಊರೇ ಅಲ್ಲವೆ?

ಬೆಂಗಳೂರು ನಗರದ ಕಸವನ್ನು ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ನೆಲದಲ್ಲಿ ವರ್ಷಗಟ್ಟಲೆ ಸುರಿಯಲಾಯಿತು. ದುರ್ವಾಸನೆಯೂ ನೊಣಗಳೂ ಆ ಊರಿನವರ ಪಾಲಿಗೆ ಬಂದವು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಗಳಲ್ಲೇ ರಾಶಿಗಳೆದ್ದವು. 2014ರಲ್ಲಿ ಮಂಡೂರಿನವರು ಲಾರಿಗಳನ್ನು ತಡೆದರು. ಕರಾವಳಿಯಲ್ಲಿ ಇನ್ನೂ ಭೀಕರವಾದುದು ನಡೆಯಿತು. 2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟವೇ ಜರಿದು, ಕೆಳಗಿನ ಮಂದಾರದ ಅಡಕೆ, ತೆಂಗಿನ ತೋಟಗಳನ್ನು ಮುಚ್ಚಿತು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ಜನ ತೊರೆಯಬೇಕಾಯಿತು.

ಆಡಳಿತದ ನಕ್ಷೆಯಲ್ಲಿ ನಗರಸಭೆಗೊಂದು ಗೆರೆ, ಪಂಚಾಯಿತಿಗೊಂದು ಗೆರೆ. ಕೊಳೆತ ಕಸದಿಂದ ಜಿನುಗಿ ಅಂತರ್ಜಲಕ್ಕಿಳಿಯುವ ನೀರಿಗೆ ಈ ಗೆರೆಗಳು ಕಾಣುವುದಿಲ್ಲ. ಆದುದರಿಂದಲೇ 2016ರ ಘನತ್ಯಾಜ್ಯ ನಿಯಮಗಳು, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳು ಒಟ್ಟುಗೂಡಿ ಪ್ರಾದೇಶಿಕ ವಿಲೇವಾರಿ ನೆಲೆಗಳನ್ನು ಏರ್ಪಡಿಸಿಕೊಳ್ಳಬೇಕೆಂದು ವಿಧಿಸಿದವು.

ಒಟ್ಟುಗೂಡುವುದರಿಂದ ಆಗುವ ಪ್ರಯೋಜನವನ್ನು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಕಾಣಬಹುದು. 2021ರಲ್ಲಿ ಅಲ್ಲಿ ದಿನಕ್ಕೆ 10 ಟನ್ ಒಣಕಸವನ್ನು ವಿಂಗಡಿಸಬಲ್ಲ ಘಟಕವೊಂದು ಆರಂಭವಾಯಿತು. ಅದು ಒಂದೇ ಊರಿನದಲ್ಲ; ಹತ್ತಾರು ಗ್ರಾಮ ಪಂಚಾಯಿತಿಗಳಿಗೆ ಸೇರಿದ ಏರ್ಪಾಡು. ಇದರ ಲೆಕ್ಕಾಚಾರ ಸರಳವಾದುದು. ಒಂದು ಪಂಚಾಯಿತಿಯಲ್ಲಿ ಕೂಡುವ ಪ್ಲಾಸ್ಟಿಕ್ಕು ನೋಡಲು ರಾಶಿ, ತೂಗಿದರೆ ಹಗುರ. ಅಷ್ಟಕ್ಕಾಗಿ ದೂರದ ವ್ಯಾಪಾರಿ ಲಾರಿ ತರಲಾರ. ಯಂತ್ರವನ್ನು ಕೊಳ್ಳುವ ಶಕ್ತಿ ಪಂಚಾಯಿತಿಗಿಲ್ಲ. ಹಲವು ಊರುಗಳದು ಒಂದೆಡೆ ಸೇರಿದರೆ ಬಗೆಬಗೆಯಾಗಿ ಬೇರ್ಪಡಿಸಿ, ಒತ್ತಿ, ಪಿಂಡಿ ಕಟ್ಟಿ ಮಾರಬಹುದು. ಯಾರೂ ಕೊಳ್ಳದ ತೆಳು ಹೊದಿಕೆಗಳನ್ನು ಸಿಮೆಂಟು ಕುಲುಮೆಗಳಿಗೆ ಇಂಧನವಾಗಿ ಕಳುಹಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಹಕಾರವೆಂಬ ಹೆಸರಿನಲ್ಲಿಯೇ ಹೊಸದೊಂದು ಮಂಡೂರನ್ನು ನಿರ್ಮಿಸುವುದು ಕಷ್ಟವೇನಲ್ಲ. ಹತ್ತು ಊರುಗಳು ಕೂಡಿ ಹನ್ನೊಂದನೆಯ ಊರಿನ ಮೇಲೆ ಭಾರ ಹೊರಿಸಿದರೆ ಅದನ್ನು ಕೂಟವೆನ್ನಬಹುದು; ಸಹಕಾರವೆನ್ನಲಾಗದು. ಆದುದರಿಂದ ಗಡಿ ದಾಟುವ ಕಸಕ್ಕೆ ಮಿತಿಯಿರಬೇಕು. ಹಸಿಕಸ ಹುಟ್ಟಿದ ಊರಿನಲ್ಲಿಯೇ, ಸಾಧ್ಯವಾದರೆ ಹುಟ್ಟಿದ ಹಿತ್ತಿಲಿನಲ್ಲಿಯೇ ಗೊಬ್ಬರವಾಗಬೇಕು. ಕೊಳೆತು ನಾರುವುದೂ ನೀರಿಳಿಸುವುದೂ ಮುಖ್ಯವಾಗಿ ಅದೇ. ಬೇರ್ಪಡಿಸಿದ ಒಣಕಸ ಮಾತ್ರ ನೆರೆಯೂರಿಗೆ ಹೋಗಲಿ. ಘಟಕಕ್ಕೆ ನೆಲ ಕೊಟ್ಟ ಊರಿಗೆ ಆದಾಯದಲ್ಲಿ ಪಾಲು ದೊರೆಯಲಿ. ಬೇರ್ಪಡಿಸದೆ ತಂದ ಗಾಡಿಯನ್ನು ಬಾಗಿಲಿನಲ್ಲೇ ಹಿಂದಿರುಗಿಸುವ ಹಕ್ಕೂ ಅದಕ್ಕಿರಲಿ. ಬೇಡವೆನ್ನುವ ಸ್ವಾತಂತ್ರ್ಯವಿದ್ದವನ ಒಪ್ಪಿಗೆಗೆ ಮಾತ್ರ ಬೆಲೆ.

ಈ ಒಪ್ಪಂದಗಳ ರುಜು ಬೀಳುವುದು ಕಚೇರಿಯ ಕಾಗದದ ಮೇಲೆ. ಅವು ಉಳಿಯುವುದೂ ಅಳಿಯುವುದೂ ನಮ್ಮ ಅಡುಗೆಮನೆಯಲ್ಲಿ. ಬಾಳೆಯ ಸಿಪ್ಪೆಯನ್ನೂ ಒಡೆದ ಗಾಜನ್ನೂ ಒಂದೇ ಬುಟ್ಟಿಗೆ ಹಾಕಿದ ಕೈ, ಅವನ್ನು ಆಯುವ ಇನ್ನೊಂದು ಕೈಯನ್ನು ನೆನೆಯಲಿಲ್ಲ. ಅನೇಕ ಪಂಚಾಯಿತಿಗಳಲ್ಲಿ ಆ ಕೈ ಸ್ವಸಹಾಯ ಸಂಘದ ಹೆಣ್ಣುಮಗಳದು. ಆಕೆ ಕಸದ ಗಾಡಿಯೊಡನೆ ನಮ್ಮ ಬಾಗಿಲಿಗೆ ಬಂದು ನಿಂತಾಗ ಎರಡು ಬುಟ್ಟಿಗಳನ್ನು ಬೇರೆಬೇರೆಯಾಗಿ ನೀಡುವುದು ಅಲ್ಪ ಕೆಲಸ. ಕಾಣದ ಊರೊಂದರ ಬಾವಿನೀರು ತಿಳಿಯಾಗಿ ಉಳಿಯುವುದು ಆ ಅಲ್ಪ ಕೆಲಸದಿಂದಲೇ.