ರಕ್ತ ನಿಂತರೂ ಗುಳಿಗೆ ಏಕೆ?

ನಿಮ್ಮ ನಂಬರು ಕೂಗುವವರೆಗೆ ಎರಡು ಮಾತು ಹೇಳುತ್ತೇನೆ.

ಕಮಲಾಪುರದಿಂದ ಕಲಬುರಗಿಗೆ ತೋರಿಸಿಕೊಳ್ಳಲು ಬರುವ ತಾಯಿಯೊಬ್ಬರು ಕೇಳಿದರು: "ರಕ್ತ ಬೀಳೂದು ನಿಂತದ, ಇನ್ನ ಗುಳಗಿ ಯಾಕ್ರಿ ಸಿಸ್ಟರ್?" ಅವರಿಗಿರುವುದು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದ ಉರಿಯೂತ. ಮೊದಲು ಮೂಲವ್ಯಾಧಿ ಎಂದು ತಿಳಿದು ಬಹಳ ದಿನ ಮನೆಮದ್ದು ಮಾಡಿದ್ದರು. ಅವರ ಪ್ರಶ್ನೆ ನಿಮ್ಮಲ್ಲಿ ಹಲವರದೂ ಹೌದು.

ನಮ್ಮ ಬಿಳಿ ರಕ್ತಕಣಗಳು ಊರ ಕಾವಲುಗಾರರಿದ್ದಂತೆ. ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ಇದ್ದೇ ಇರುತ್ತವೆ. ಆರೋಗ್ಯವಂತರಲ್ಲಿ ಕಾವಲುಗಾರರು ಅವನ್ನು ನೆರೆಹೊರೆಯವರೆಂದು ಬಿಟ್ಟುಬಿಡುತ್ತಾರೆ. 'ಟಿ' ಕಣಗಳಲ್ಲಿ ಕೆಲವಕ್ಕೆ ಉಳಿದವನ್ನು ತಡೆದು ನಿಲ್ಲಿಸುವುದೇ ಕೆಲಸ. ಈ ಕಾಯಿಲೆಯಲ್ಲಿ ಆ ತಡೆ ಸಾಲದಾಗುತ್ತದೆ. ಕೆರಳಿದ ಕಣಗಳು ಟಿ.ಎನ್.ಎಫ್. ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಆ ಕೂಗಿಗೆ ನ್ಯೂಟ್ರೋಫಿಲ್ ಎಂಬ ಕಣಗಳು ರಕ್ತದಿಂದ ಗುಂಪುಗುಂಪಾಗಿ ಬಂದು, ಕಳ್ಳನಿಲ್ಲದ ಮನೆಯ ಬಾಗಿಲು ಒಡೆಯುತ್ತವೆ. ಹುಣ್ಣು, ಲೋಳೆ, ರಕ್ತ ಬರುವುದು ಹೀಗೆ. ಕ್ರೋನ್ಸ್ ಕಾಯಿಲೆಯಲ್ಲಾದರೆ ಉರಿಯೂತ ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಎರಡೂ ಅಂಟುರೋಗಗಳಲ್ಲ, ತಾಟು, ಲೋಟ ಬೇರೆ ಇಡಬೇಡಿರಿ.

ರಕ್ತ ನಿಂತಿತೆಂದರೆ ಹುಣ್ಣು ಮಾಯುತ್ತಿದೆ ಎಂದಷ್ಟೇ ಅರ್ಥ. ಬಂದ ಕಣಗಳೆಲ್ಲ ಹಿಂದಿರುಗಿರುವುದಿಲ್ಲ. ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಇನ್ನೂ ಕಾಣಬಹುದು. ಡಾಕ್ಟರು ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ನೋಡಿಸುವುದೂ ಇದಕ್ಕೇ. ಅದು ನ್ಯೂಟ್ರೋಫಿಲ್‌ಗಳಲ್ಲಿರುವ ಪ್ರೋಟೀನು. ಮೆಸಲಮೀನ್ ಗುಳಿಗೆ ಈ ಉರಿಯನ್ನು ಅದುಮಿ ಇಡುತ್ತದೆ. ಬಿಟ್ಟರೆ ಮತ್ತೆ ಕೆರಳುವ ಸಂಭವ ಹೆಚ್ಚು. ಸ್ಟಿರಾಯ್ಡ್ ಮಾತ್ರ ಹೆಚ್ಚು ದಿನದ ಔಷಧಿಯಲ್ಲ, ಆದರೆ ಅದನ್ನೂ ಒಮ್ಮೆಲೇ ನಿಲ್ಲಿಸಬಾರದು. ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಟಿ.ಎನ್.ಎಫ್. ತಡೆಯುವ ಇಂಜೆಕ್ಷನ್ ಕೊಡುವ ಮೊದಲು ಕ್ಷಯದ ಪರೀಕ್ಷೆ, ಎದೆಯ ಎಕ್ಸರೇ ಮಾಡಿಸುತ್ತಾರೆ. "ನನಗೆಲ್ಲಿ ಟಿ.ಬಿ.?" ಎಂದು ಸಿಟ್ಟಾಗಬೇಡಿರಿ. ಮಲಗಿರುವ ಕ್ಷಯದ ರೋಗಾಣುವನ್ನು ಕಾಯುವುದೂ ಇದೇ ಕಾವಲುಗಾರರು. ಅವರನ್ನು ಕಟ್ಟಿಹಾಕಿದರೆ ಅದು ಏಳಬಹುದು. ಕರುಳಿನ ಕ್ಷಯವಂತೂ ನೋಡಲು ಕ್ರೋನ್ಸ್‌ನಂತೆಯೇ ಇರುತ್ತದೆ.

ಆ ತಾಯಿಯ ಎರಡನೆಯ ಪ್ರಶ್ನೆ, ತಮ್ಮೂರ ಕೆಂಪು ಬಾಳೆಹಣ್ಣು ತಿನ್ನಬಹುದೇ ಎಂದು. ಕಾಯಿಲೆ ಶಾಂತವಿದ್ದಾಗ, ಹೊಟ್ಟೆಗೆ ಒಗ್ಗಿದರೆ, ಧಾರಾಳವಾಗಿ ತಿನ್ನಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದೇ ಹೆಚ್ಚು ಅಪಾಯ.

ಜ್ವರ, ಹೊಟ್ಟೆಯುಬ್ಬರ, ತಲೆಸುತ್ತು, ನಿಲ್ಲದ ರಕ್ತ ಇದ್ದರೆ ತಾರೀಖು ಕಾಯದೆ ಅಂದೇ ಬನ್ನಿರಿ. ಉಳಿದವರು ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ, ಹಳೆಯ ಚೀಟಿ ಮತ್ತು ಬಯಾಪ್ಸಿ ರಿಪೋರ್ಟ್ ಸಮೇತ ಬನ್ನಿರಿ.