ಪ್ರಾಂತವು ಪರರಾಷ್ಟ್ರವಾಗಬಹುದೇ?
(ಊರಿನ ವಾಚನಾಲಯದಲ್ಲಿ ನೆರೆದ ಸಭೆಯ ಮುಂದೆ ಮಾಡಿದ ಭಾಷಣ)



ಒಂದು ದೇಶದ ಒಂದು ಪ್ರಾಂತವು ಆ ದೇಶವನ್ನು ಬಿಟ್ಟು ತಾನೇ ಸ್ವತಂತ್ರ ರಾಷ್ಟ್ರವಾಗಬೇಕೆಂದು ಬಯಸಿದರೆ ಅದು ನ್ಯಾಯವೋ, ಅನ್ಯಾಯವೋ? ಈ ಪ್ರಶ್ನೆ ಕಿವಿಗೆ ಬಿದ್ದೊಡನೆಯೇ ಕೆಲವರು ‘ದ್ರೋಹ’ವೆಂದು ಗುಡುಗುವರು, ಮತ್ತೆ ಕೆಲವರು ‘ಜನ್ಮಸಿದ್ಧ ಹಕ್ಕು’ ಎಂದು ಸಾರುವರು. ಉಭಯ ಪಕ್ಷದವರೂ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವರೆಂದೇ ಹೇಳಬೇಕು. ಆದುದರಿಂದ ನಾನು ನಡೆದ ಒಂದು ನಿದರ್ಶನವನ್ನೇ, ಎಂದರೆ ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಪ್ರಕರಣವನ್ನು, ತಮ್ಮ ಮುಂದಿಟ್ಟು ಪರೀಕ್ಷಿಸಬಯಸುತ್ತೇನೆ.

ಕ್ವಿಬೆಕ್ಕಿನ ಬಹುಸಂಖ್ಯಾತರ ಮಾತೃಭಾಷೆ ಫ್ರೆಂಚು. 1763ನೆಯ ಇಸವಿಯ ಪ್ಯಾರಿಸ್ ಒಪ್ಪಂದದಿಂದ ಆ ನಾಡು ಫ್ರಾನ್ಸಿನ ಕೈತಪ್ಪಿ ಬ್ರಿಟಿಷರ ವಶವಾಯಿತು. 1867ರಲ್ಲಿ ಕೆನಡಾ ಸಂಯುಕ್ತ ರಾಜ್ಯವಾದಾಗ ಅದರ ಒಂದು ಪ್ರಾಂತವಾಗಿ ನಿಂತಿತು. ಆದರೆ ತಮ್ಮ ನಾಡಿನಲ್ಲಿ ತಾವೇ ಹೆಚ್ಚಿನ ಸಂಖ್ಯೆಯವರಾಗಿದ್ದರೂ ಮಾಂಟ್ರಿಯಲ್ ನಗರದ ದೊಡ್ಡ ವ್ಯಾಪಾರವೂ ಮೇಲಿನ ಹುದ್ದೆಗಳೂ ಬಹುಕಾಲ ಇಂಗ್ಲಿಷಿನ ಕೈಯಲ್ಲಿಯೇ ಉಳಿದವು. ದುಡಿಯುವವನ ಮಾತು ಒಂದು, ದುಡಿಸುವವನ ಮಾತು ಮತ್ತೊಂದು! ಇದರ ನೋವು ಎಂಥದೆಂಬುದನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ನೋವಿಗೆ ಅವರು ಕಂಡುಕೊಂಡ ಔಷಧವೇನು? 1977ರಲ್ಲಿ ಅವರ ಶಾಸನಸಭೆಯು ಫ್ರೆಂಚ್ ಭಾಷೆಯ ಸನ್ನದನ್ನು ಅಂಗೀಕರಿಸಿತು. ಕಚೇರಿಯಲ್ಲಿ ಫ್ರೆಂಚು, ಕೆಲಸದ ಸ್ಥಳದಲ್ಲಿ ಫ್ರೆಂಚು. ಹೊರಗಿನಿಂದ ಬಂದು ನೆಲಸಿದವರ ಮಕ್ಕಳಿಗೆ ಸಾಮಾನ್ಯವಾಗಿ ಫ್ರೆಂಚ್ ಶಾಲೆ. ಸಭಿಕರು ಗಮನಿಸಬೇಕು: ಈ ಕಾಯದೆಯನ್ನು ಮಾಡಿದ್ದು ಸ್ವತಂತ್ರ ರಾಷ್ಟ್ರವಲ್ಲ, ಪ್ರಾಂತ. ಅದರ ಕೆಲವು ಭಾಗಗಳನ್ನು ನ್ಯಾಯಾಲಯಗಳು ತಳ್ಳಿಹಾಕಿದರೂ ಮುಖ್ಯ ಉದ್ದೇಶವು ನೆರವೇರಿತು.

ಹಾಗಿದ್ದರೆ ಬೇರೆಯಾಗುವ ಕೂಗು ಏಕೆ ಅಡಗಲಿಲ್ಲ? ಇದರಲ್ಲಿ ಕೆನಡಾದವರ ಪಾಲೂ ಇದೆ. 1980ನೆಯ ಮೇ ತಿಂಗಳಿನ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 60 ಜನರು ‘ಬೇಡ’ವೆಂದರು. ಎರಡೇ ವರ್ಷಗಳಲ್ಲಿ, 1982ರಲ್ಲಿ, ಕ್ವಿಬೆಕ್ ಸರಕಾರದ ಒಪ್ಪಿಗೆಯಿಲ್ಲದೆಯೇ ಹೊಸ ರಾಜ್ಯಾಂಗವು ಜಾರಿಗೆ ಬಂದಿತು. ಆ ಗಾಯವನ್ನು ಮಾಯಿಸಲು ಮಾಡಿದ ಮೀಚ್ ಲೇಕ್ ಒಪ್ಪಂದವು 1990ರಲ್ಲಿ ಮುರಿದುಬಿದ್ದಿತು. ಮನೆಯಲ್ಲಿ ಉಳಿದ ತಮ್ಮನನ್ನು ಕೇಳದೆ ಅಣ್ಣಂದಿರು ಮನೆಯ ಕಟ್ಟಳೆಯನ್ನು ಬರೆದರೆ ತಮ್ಮನು ಮುನಿಯದೆ ಇರುವನೇ?

1995ನೆಯ ಅಕ್ಟೋಬರ್ 30ರಂದು ಎರಡನೆಯ ಸಲ ಜನಮತ ಕೇಳಲಾಯಿತು. ನೂರಕ್ಕೆ 93ಕ್ಕಿಂತ ಹೆಚ್ಚು ಮತದಾರರು ಬಂದು ಮತವಿತ್ತರು. ‘ಬೇಡ’ ಎಂದವರು 50.58, ‘ಬೇಕು’ ಎಂದವರು 49.42. ನಾಲ್ವತ್ತಾರು ಲಕ್ಷಕ್ಕೂ ಮಿಕ್ಕ ಮತಗಳಲ್ಲಿ ಅಂತರವು ಕೇವಲ 54,288! ಅಸಿಂಧುವೆಂದು ತಳ್ಳಿದ ಮತಪತ್ರಗಳೇ ಸುಮಾರು 86,000. ಮೇಲಾಗಿ ಪ್ರಶ್ನೆಯೂ ನೇರವಾಗಿರಲಿಲ್ಲ. ಕೆನಡಾಕ್ಕೆ ಹೊಸ ಪಾಲುದಾರಿಕೆಯ ಸಲಹೆಯನ್ನಿತ್ತ ಬಳಿಕ ಕ್ವಿಬೆಕ್ ಸಾರ್ವಭೌಮವಾಗಲು ಒಪ್ಪುವಿರಾ, ಎಂಬ ಸುತ್ತುಬಳಸಿನ ವಾಕ್ಯ. ಬಿಡುವುದೋ, ಕೂಡಿರುವುದೋ? ಎರಡೂ ಒಂದೇ ಪ್ರಶ್ನೆಯಲ್ಲಿ ಹೆಣೆದುಕೊಂಡಿದ್ದುವು.

ಇದಕ್ಕೆ ಪ್ರತಿಯಾಗಿ ನಾರ್ವೆಯನ್ನು ನೋಡಿರಿ. ಸ್ವೀಡನ್ನಿನೊಡನೆ ಒಬ್ಬನೇ ಅರಸನ ಕೆಳಗಿದ್ದ ಆ ನಾಡಿಗೆ 1814ರಿಂದಲೂ ತನ್ನದೇ ರಾಜ್ಯಾಂಗವೂ ಪಾರ್ಲಿಮೆಂಟೂ ಇದ್ದುವು. 1905ರಲ್ಲಿ ಜನಮತ ಕೇಳಿದಾಗ ಬಿಡುಗಡೆಯ ಪರವಾಗಿ 368,208 ಮತಗಳು ಬಿದ್ದುವು. ವಿರುದ್ಧವಾಗಿ 184 ಮಾತ್ರ. ಸ್ವೀಡನ್ನಿನವರು ಕಾರ್ಲ್‌ಸ್ಟಾಡಿನಲ್ಲಿ ಕುಳಿತು ಮಾತನಾಡಿದರು. ಯುದ್ಧವಿಲ್ಲದೆಯೇ ಎರಡು ರಾಷ್ಟ್ರಗಳಾದವು. ಇಡೀ ಜನವೇ ಒಕ್ಕೊರಲಿನಿಂದ ನುಡಿದಾಗ ತಡೆಯುವುದು ಅನ್ಯಾಯ. ಆದರೆ ಜನವು ಸರಿಯರ್ಧವಾಗಿ ಸೀಳಿ ನಿಂತಾಗ ಯಾರು ಯಾರಿಂದ ಬೇರೆಯಾಗಬೇಕು?

ಇನ್ನೂ ಒಂದು ತೊಡಕನ್ನು ಹೇಳಲೇಬೇಕು. ಕ್ವಿಬೆಕ್ಕಿನ ಉತ್ತರದ ವಿಶಾಲವಾದ ಅರಣ್ಯಭೂಮಿಯಲ್ಲಿ ಕ್ರೀ ಎಂಬ ಮೂಲನಿವಾಸಿಗಳಿದ್ದಾರೆ. 1995ರಲ್ಲಿ ಅವರು ತಮ್ಮೊಳಗೆ ಬೇರೆ ಮತಗಣನೆ ನಡೆಸಿದರು. ನೂರಕ್ಕೆ 96ಕ್ಕಿಂತ ಹೆಚ್ಚು ಜನರು ಕೆನಡಾದಿಂದ ತಮ್ಮನ್ನು ಅಗಲಿಸಕೂಡದೆಂದರು. ಕೆನಡಾವನ್ನು ಒಡೆಯಬಹುದಾದರೆ ಕ್ವಿಬೆಕ್ಕನ್ನೇಕೆ ಒಡೆಯಬಾರದು? ತನಗೆ ಬೇಕಾದ ಹಕ್ಕನ್ನು ತನ್ನೊಳಗಿನ ಸಣ್ಣ ಜನಕ್ಕೆ ನಿರಾಕರಿಸುವವನ ವಾದವು ಅರ್ಧ ವಾದ. ಸೋತ ರಾತ್ರಿ ಪ್ರಾಂತದ ಪ್ರಧಾನಿ ಜಾಕ್ ಪಾರಿಜೋ ಅವರು ಹಣವನ್ನೂ ಪರಜನರ ಮತಗಳನ್ನೂ ದೂರಿದರು. ಮರುದಿನವೇ ರಾಜೀನಾಮೆಯನ್ನು ಸಾರಿದರು. ಹೊಸ ರಾಷ್ಟ್ರದಲ್ಲಿ ಆ ‘ಪರಜನರ’ ಗತಿಯೇನಾಗುತ್ತಿತ್ತೆಂಬ ಶಂಕೆಗೆ ಆ ಒಂದು ನುಡಿಯೇ ಎಡೆಗೊಟ್ಟಿತು.

1998ರಲ್ಲಿ ಕೆನಡಾದ ಶ್ರೇಷ್ಠ ನ್ಯಾಯಾಲಯವು ಎರಡೂ ಪಕ್ಷಗಳಿಗೆ ಬುದ್ಧಿ ಹೇಳಿತು. ಪ್ರಾಂತವು ತಾನೊಂದೇ ಘೋಷಿಸಿ ಹೊರಡಲಾರದು. ಆದರೆ ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ದೊರೆತರೆ ಉಳಿದವರು ಕುಳಿತು ಮಾತನಾಡಲೇಬೇಕು. ಅಲ್ಲಿ ಅಲ್ಪಸಂಖ್ಯಾತರ ಹಿತವೂ ತೂಗಬೇಕು. ನಮ್ಮ ಹಳ್ಳಿಯ ಪಂಚರೂ ಹೀಗೆಯೇ ಹೇಳಿಯಾರು. ಹಿಸ್ಸೆ ಕೇಳುವವನು ಹೊಲದ ಹಿಸ್ಸೆಯೊಡನೆ ಸಾಲದ ಹಿಸ್ಸೆಯನ್ನೂ ಹೊರಬೇಕು. ಬಾವಿಯ ನೀರಿಗೆ ಇಬ್ಬರಿಗೂ ದಾರಿ ಬಿಡಬೇಕು. ಮುದಿತಾಯಿಯನ್ನು ಬೀದಿಗೆ ನೂಕಕೂಡದು.

ಇಷ್ಟರಿಂದ ನನ್ನ ಅಭಿಪ್ರಾಯವು ತಮಗೆ ತಿಳಿದಿರಬೇಕು. ಮನೆಯೊಳಗೆ ಉಸಿರಾಡಲು ಬಿಡದೆ, ಬಾಯಿ ಕಟ್ಟಿ, ಪರಿಹಾರದ ಬಾಗಿಲುಗಳನ್ನೆಲ್ಲ ಮುಚ್ಚಿದಲ್ಲಿ ಹೊರಡುವುದು ನ್ಯಾಯ. ಪ್ರಾಂತಕ್ಕೆ ತನ್ನ ಶಾಸನಸಭೆ, ತನ್ನ ಶಾಲೆ, ತನ್ನ ನುಡಿಯ ಕಾಯದೆ ಇರುವಲ್ಲಿ ಹೊರಡುವುದು ಅಗತ್ಯವಲ್ಲ. ಕ್ವಿಬೆಕ್ ಎರಡನೆಯ ಬಗೆಯದು. ಆದರೆ ಅದನ್ನು ಉಳಿಸಿಕೊಳ್ಳಬೇಕೆನ್ನುವವರು ಅದರ ಒಪ್ಪಿಗೆಯನ್ನು ಗಳಿಸುವ ಹೊಣೆಯನ್ನೂ ಹೊರತಕ್ಕದ್ದು. ಪ್ರೀತಿಯಿಲ್ಲದ ಐಕ್ಯವು ಬೀಗ ಹಾಕಿದ ಕೋಣೆ.

ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ನೆಯ ನವೆಂಬರ್ 1ರಂದು ಭಾರತದೊಳಗೆಯೇ ಒಂದಾಯಿತು. ನಮ್ಮ ಹಿರಿಯರು ಬೇಡಿದ್ದು ಬೇರೆ ಮನೆಯನ್ನಲ್ಲ, ಅದೇ ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿ ಬಾಳುವ ಒಂದು ತೊಟ್ಟಿಯನ್ನು. ಅದು ದೊರೆತಿದೆ. ಇನ್ನು ನಮ್ಮ ತೊಟ್ಟಿಯೊಳಗಿರುವ ತುಳುವರಿಗೂ ಕೊಡವರಿಗೂ ಗಡಿಯ ಮರಾಠಿಗರಿಗೂ ನಾವು ಎಷ್ಟು ಜಾಗ ಬಿಟ್ಟಿದ್ದೇವೆಂಬುದನ್ನು ನಾವೇ ಕೇಳಿಕೊಳ್ಳಬೇಕು. ಉಪಾಧ್ಯಾಯರು ಈ ಪ್ರಶ್ನೆಯನ್ನು ತರಗತಿಗೆ ಒಯ್ಯಲೆಂದು ಬೇಡುತ್ತೇನೆ.